ಕಾಲು ಪಾಲು ಬೆಳಕು

ರಜೆಗೆ ಊರಿಗೆ ಬಂದಿದ್ದ ಸಂಗೀತ, ಊಟಕ್ಕೆ ಕೂತಾಗ ತಂಗಿ ಸುಮಾ ಆಡಿದ ಮಾತು ಕೇಳಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದಳು. ಸೊರಬದಲ್ಲಿ ಸುಮಾ ಓದುವ ಕಾಲೇಜಿಗೆ ಕುಪ್ಪಗಡ್ಡೆಯ ಅನಂತ ಎಂಬ ಹೊಸ ಫಿಸಿಕ್ಸ್ ಲೆಕ್ಚರರ್ ಬಂದಿದ್ದರಂತೆ. ಲೆಕ್ಕ ತಪ್ಪಿದ್ದಕ್ಕೇ ಸಂಶೋಧನೆ ಬಿಟ್ಟು ಬಂದೆ ಎಂದು ತರಗತಿಯಲ್ಲಿ ನಗುತ್ತಲೇ ಹೇಳಿದರಂತೆ.

ಅನಂತನ ಲೆಕ್ಕ ತಪ್ಪಿರಲಿಲ್ಲ. ಅದು ಗೊತ್ತಿದ್ದವಳು ಸಂಗೀತ ಒಬ್ಬಳೇ.

ಶಿರಾಳಕೊಪ್ಪದ ಹತ್ತಿರ ಕುರಿ ಸಾಕುವ ಸಣ್ಣಬೀರಪ್ಪನ ಹಿರಿಮಗಳು ಅವಳು. ಪಿಎಚ್.ಡಿ.ಗೆ ಸೇರಿದಾಗ ಅನಂತ ಅದೇ ಗುಂಪಿನಲ್ಲಿ ಎರಡು ವರ್ಷ ಹಿರಿಯ. ಲಕ್ಷಾಂತರ ನಕ್ಷತ್ರಗಳು ಉಂಡೆಯಂತೆ ಒತ್ತಾಗಿ ಸೇರಿರುವ ತಾರಾಗುಚ್ಛಗಳಲ್ಲಿ ಪಲ್ಸಾರ್‌ಗಳಿರುತ್ತವೆ. ಗರಗರನೆ ತಿರುಗುವ ಸತ್ತ ನಕ್ಷತ್ರಗಳು. ಅವು ಎಸೆಯುವ ಎಲೆಕ್ಟ್ರಾನ್‌ಗಳು ಸುತ್ತಲಿನ ಬೆಳಕಿಗೆ ಡಿಕ್ಕಿ ಹೊಡೆದರೆ ಆ ಬೆಳಕೇ ಗಾಮಾ ಕಿರಣವಾಗುತ್ತದೆ. ಎಷ್ಟು ಕಿರಣ ಬರಬೇಕೆಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟುವುದು ಅವರ ಕೆಲಸ. ಎಲೆಕ್ಟ್ರಾನ್‌ಗಳ ಭಾಗ ಅನಂತನದು, ಬೆಳಕಿನ ಭಾಗ ಸಂಗೀತಳದು.

ಮಾದರಿ ಕೊಟ್ಟ ಕಿರಣ ದೂರದರ್ಶಕ ಕಂಡದ್ದರ ಕಾಲು ಪಾಲು ಮಾತ್ರ. ಮಾರ್ಗದರ್ಶಕಿ ನೀಲಾಂಬಿಕ ಮೇಡಂಗೆ ಅನಂತನ ಭಾಗದ ಮೇಲೇ ಅನುಮಾನ. ಮೂರು ತಿಂಗಳು ಹುಡುಕಿದರೂ ಅವನಿಗೆ ತಪ್ಪು ಸಿಗಲಿಲ್ಲ. ಸಿಕ್ಕಿದ್ದು ಸಂಗೀತಳಿಗೆ, ತನ್ನದೇ ಫೈಲಿನಲ್ಲಿ. ಗುಚ್ಛದ ತ್ರಿಜ್ಯ ಹಾಕಬೇಕಾದಲ್ಲಿ ವ್ಯಾಸ ಹಾಕಿದ್ದಳು; ಅಳತೆ ಎರಡು ಪಟ್ಟಾಗಿ, ಅದರ ವರ್ಗಕ್ಕೆ ತಕ್ಕಂತೆ ಬೆಳಕಿನ ದಟ್ಟಣೆ ಕಾಲು ಪಾಲಿಗೆ ಇಳಿದಿತ್ತು. ಬಾಯಿಬಿಡದೆ ತಿದ್ದಿದಳು. ಅದೇ ವಾರ ಮೇಡಂ ಅನಂತನ ಭಾಗವನ್ನು ಬೇರೆಯವರಿಂದ ಹೊಸದಾಗಿ ಬರೆಸಿದ್ದರು. ಲೆಕ್ಕ ಕೂಡಿತು. ತಪ್ಪು ಅನಂತನದೇ ಎಂದು ಎಲ್ಲರೂ ಅಂದುಕೊಂಡರು. ಪ್ರಬಂಧದಿಂದ ಅವನ ಹೆಸರು ಹೋಯಿತು, ಎರಡು ವಾರದಲ್ಲಿ ಅವನೂ ಹೋದ.

ಸುಮಾ ಸುದ್ದಿ ಹೇಳಿದ ಮರುದಿನ ಸಂಗೀತ ಅವಳ ಜೊತೆ ಸೊರಬದ ಬಸ್ಸು ಹತ್ತಿದಳು. ಲ್ಯಾಬಿನಲ್ಲಿ ಲೋಲಕದ ದಾರದ ಗಂಟು ಬಿಡಿಸುತ್ತಿದ್ದ ಅನಂತ ಅವಳನ್ನು ಕಂಡು ಸಂತೋಷದಿಂದಲೇ ಸ್ಟೂಲು ಎಳೆದುಕೊಟ್ಟ. ಅದರಿಂದ ಅವಳ ಸಂಕಟ ಇನ್ನೂ ಹೆಚ್ಚಿತು. ನಿಂತೇ ಎಲ್ಲ ಹೇಳಿದಳು.

ಅವನು ದಾರ ಕೆಳಗಿಟ್ಟ. "ನಿನಗೆ ಗೊತ್ತಾಗಿದ್ದು ಯಾವಾಗ? ನಾನು ಬಿಟ್ಟ ಮೇಲಾ?"

ಹೌದು ಅಂದುಬಿಡಬಹುದಿತ್ತು. "ಅಲ್ಲ ಅನಂತಣ್ಣ. ನೀವು ಹೋಗೋಕೆ ಎರಡು ವಾರ ಮೊದ್ಲೇ."

ಅವನು ಕಿಟಕಿಯ ಕಡೆ ತಿರುಗಿದ.

"ತಪ್ಪು ಯಾರಿಗಾದ್ರೂ ಆಗುತ್ತೆ. ಆದ್ರೆ ಈ ವಿದ್ಯೆ ನಂಗೆ ಒಲಿಯೋದಲ್ಲ ಅಂದ್ಕೊಂಡು ಒಂದೂವರೆ ವರ್ಷ ಕಳೆದಿದೀನಿ ಸಂಗೀತ. ಅದನ್ನ ಹೆಂಗೆ ತಿದ್ತೀಯ?"

ಬೆಲ್ಲು ಹೊಡೆಯಿತು. ಹಾಜರಿ ಪುಸ್ತಕ ತೆಗೆದುಕೊಂಡು ಅವನು ತರಗತಿಗೆ ಹೋದ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಅವಳು ಮೇಡಂಗೆ ಒಂದನ್ನೂ ಮುಚ್ಚಿಡದೆ ಇಮೇಲ್ ಬರೆದಳು. ಅನಂತನಿಗೂ ಒಂದು ಪ್ರತಿ ಕಳಿಸಿದಳು. ಮೇಡಂ ಅವಳನ್ನು ಗುಂಪಿನ ಮುಂದಿನ ಕೆಲಸದಿಂದ ಹೊರಗಿಟ್ಟರು. ಪ್ರಬಂಧಕ್ಕೆ ತಿದ್ದುಪಡಿ ಹಾಕಿಸಿ ಅನಂತನ ಹೆಸರು ಸೇರಿಸಿದರು, ವಾಪಸ್ ಬಾ ಎಂದು ಕರೆದರು. ಈ ಸಲದ ಮಕ್ಕಳ ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಎಂದು ಅವನು ಹೇಳಿದನಂತೆ. ಸಂಗೀತಳಿಗೆ ಮಾತ್ರ ಅವನು ಒಂದು ಸಾಲೂ ಬರೆಯಲಿಲ್ಲ. ಉತ್ತರ ಕೇಳುವ ಮುಖ ತನಗಿಲ್ಲ ಎಂದು ಗೊತ್ತಿದ್ದೂ ಅವಳು ದಿನಾ ಬೆಳಗ್ಗೆ ಎದ್ದಕೂಡಲೇ ಫೋನು ತೆಗೆದು ನೋಡುತ್ತಾಳೆ.