ಎರಡು ಸಲ ಕ್ಲಚ್ ಒತ್ತಿದ ಆರೋಪ

ಚಂದ್ರಪ್ಪನವರ ಮೇಲಿನ ಆರೋಪ ಒಂದೇ ಸಾಲಿನದು. ಗೇರ್ ಬದಲಿಸುವಾಗ ಕ್ಲಚ್ಚನ್ನು ಒಂದು ಸಲ ಒತ್ತಬೇಕಾದಲ್ಲಿ ಅವರು ಎರಡು ಸಲ ಒತ್ತುತ್ತಾರೆ.

ಒತ್ತಿದ್ದನ್ನು ಯಾರೂ ಕಣ್ಣಾರೆ ನೋಡಿರಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿರುವ ನಮ್ಮ ಭಾರಿ ವಾಹನ ಚಾಲಕರ ತರಬೇತಿ ಸಂಸ್ಥೆಯ ಲಾರಿಗಳಿಗೆಲ್ಲ ಆ ತಿಂಗಳು ಬೆಂಕಿಪೊಟ್ಟಣದ ಗಾತ್ರದ ಒಂದೊಂದು ಯಂತ್ರ ಕೂರಿಸಿದ್ದರು. ಚಾಲಕನ ಕಾಲು ಕ್ಲಚ್ಚಿಗೆ ಎಷ್ಟು ಸಲ ಹೋಯಿತು, ಬ್ರೇಕಿಗೆ ಎಷ್ಟು ಸಲ ಹೋಯಿತು ಎಂದು ಎಣಿಸಿ ಅದು ಸಂಜೆಗೆ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಮೂವತ್ತೆಂಟು ವರ್ಷ ಲಾರಿ ಓಡಿಸಿದ, ಅದರಲ್ಲಿ ಹತ್ತೊಂಬತ್ತು ವರ್ಷ ಬೇರೆಯವರಿಗೆ ಕಲಿಸಿದ ಚಂದ್ರಪ್ಪನವರಿಗೆ ಹಳೆ ಲಾರಿಯಲ್ಲಿ ಮೂವತ್ತೊಂದು ಬಂತು. ಹಿಂದಿನ ವಾರ ಹೊಸ ಲಾರಿಯನ್ನು ಕಾಂಪೌಂಡ್ ಗೋಡೆಗೆ ಗುದ್ದಿದ್ದ ತರಬೇತಿಯ ಹುಡುಗನೊಬ್ಬನಿಗೆ ಎಪ್ಪತ್ತೆರಡು ಬಂದಿತ್ತು. ಗುದ್ದುವ ಮುಂಚೆ ಅವನು ಕ್ಲಚ್ಚನ್ನು ಒಂದೇ ಸಲ ಒತ್ತಿದ್ದ.

ಚಂದ್ರಪ್ಪನವರಿಗೆ ಮೆಮೋ ಹೋಯಿತು. ಅವರು ಉತ್ತರ ಬರೆದರು: "ಈ ಹಳೆ ಗಾಡಿಯ ಗೇರ್‌ಬಾಕ್ಸಿಗೆ ಎರಡು ಸಲವೇ ಒತ್ತಬೇಕು."

ಇಲ್ಲಿಂದ ನನ್ನ ತಲೆನೋವು ಶುರುವಾಯಿತು. ನಾನು ಗೋಪಿನಾಥ, ಆ ಸಂಸ್ಥೆಯ ಆಡಳಿತ ವಿಭಾಗದಲ್ಲಿ ಸಹಾಯಕ. ಸಂಜೆ ಕಾಲೇಜಿನಲ್ಲಿ ಬಿ.ಎ. ಮಾಡಿದವನು. ಗೇರ್‌ಬಾಕ್ಸ್ ಲಾರಿಯ ಯಾವ ಭಾಗದಲ್ಲಿರುತ್ತದೆ ಎಂದು ಕೇಳಿದ್ದರೂ ಅಂದಾಜಿನ ಮೇಲೆ ಉತ್ತರ ಹೇಳಬೇಕಿತ್ತು. ನಿರ್ದೇಶಕ ತ್ಯಾಗಿ ಸಾಹೇಬರು ನನ್ನನ್ನು ಕರೆದರು.

"ಗೋಪಿನಾಥ್ ಜೀ, ಒಂದು ಸಲ ಒತ್ತಿದರೆ ಸಾಕಾಗುವ ಗೇರ್‌ಬಾಕ್ಸ್ ಲೋಕದಲ್ಲಿ ಇದೆ ತಾನೇ?"

"ಇದೆ ಸರ್. ಕಾರಿನಲ್ಲಿದೆ."

"ಹಾಗಿದ್ದ ಮೇಲೆ ಸರ್ಕಾರ ಎರಡು ಸಲ ಒತ್ತುವಂಥದ್ದನ್ನು ಯಾಕೆ ಕೊಂಡಿತು? ಒಂದೋ ಕೊಂಡಿದ್ದು ತಪ್ಪು, ಇಲ್ಲವೇ ಒತ್ತಿದ್ದು ತಪ್ಪು. ಕೊಂಡಿದ್ದು ಸರ್ಕಾರ, ಅದು ತಪ್ಪಾಗಿರಲಾರದು. ಆದರೂ ನ್ಯಾಯವಾಗಿ ನಡೆದುಕೊಳ್ಳೋಣ. ಹಳೆ ಭಾರಿ ಲಾರಿಗಳಿಗೆ ಇಂಥ ಗೇರ್‌ಬಾಕ್ಸ್ ಯಾಕೆ ಹಾಕುತ್ತಿದ್ದರು ಅಂತ ಶುಕ್ರವಾರದೊಳಗೆ ಒಂದು ಟಿಪ್ಪಣಿ ಕೊಡಿ."

ಖರೀದಿಯ ಕಡತ ಹುಡುಕಿದೆ. ಅದನ್ನು ಅವಧಿ ಮುಗಿದ ಕಾರಣ ನಾಶಪಡಿಸಲಾಗಿದೆ ಎಂಬ ಇನ್ನೊಂದು ಕಡತ ಸಿಕ್ಕಿತು. ಅದು ಬಹಳ ಚೆನ್ನಾಗಿ ಉಳಿದುಕೊಂಡಿತ್ತು. ಲಾರಿ ತಯಾರಿಸಿದ ಕಂಪನಿಗೆ ಮೇಲ್ ಬರೆದೆ. ನಮ್ಮ ಉತ್ಪನ್ನಗಳಲ್ಲಿ ತಾವು ತೋರಿದ ಆಸಕ್ತಿಗೆ ಧನ್ಯವಾದ, ಹತ್ತಿರದ ಷೋರೂಮಿಗೆ ಭೇಟಿ ಕೊಡಿ ಎಂದು ಅರ್ಧ ಗಂಟೆಯಲ್ಲಿ ಉತ್ತರ ಬಂತು. ಆಮೇಲೆ ನಾಲ್ಕು ದಿನ, ದಿನಕ್ಕೆ ಎರಡು ಸಲ, ಹೊಸ ಲಾರಿ ಯಾವಾಗ ಕೊಳ್ಳುತ್ತೀರಿ ಎಂದು ಫೋನ್ ಬಂತು. ಕೊನೆಗೆ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ಲಾರಿಯ ಹತ್ತಿರ ಹೋದೆ.

ಆ ಲಾರಿಗೆ ರಸ್ತೆಗಿಳಿಯುವ ವಯಸ್ಸು ಎಂದೋ ಮೀರಿತ್ತು. ಪಾಠಕ್ಕಾಗಿ ಕಾಂಪೌಂಡಿನ ಒಳಗಷ್ಟೇ ಓಡುತ್ತಿತ್ತು. ದೂರದ ಗಣಿಗಳಲ್ಲಿ ಇಂಥ ಗಾಡಿಗಳು ಇನ್ನೂ ಇವೆ, ಅಲ್ಲಿಗೆ ಹೋಗುವ ಚಾಲಕರು ಇದನ್ನೂ ಕಲಿಯಬೇಕು ಎಂದು ಪಠ್ಯಕ್ರಮ ಹೇಳುತ್ತಿತ್ತು.

"ಹತ್ತಿ ಸಾರ್, ಕೂತ್ಕೊಳ್ಳಿ," ಎಂದರು ಚಂದ್ರಪ್ಪ. "ಕಡತದಲ್ಲಿ ತಡಕಾಡಿದ್ರೆ ಗೇರ್ ಸಿಗಲ್ಲ. ಹಿಂದೆ ಬಾಗಿಲಿಲ್ಲದ ಬಸ್ಸುಗಳಿದ್ವಲ್ಲ, ಓಡ್ತಿರೋವಾಗ ಹತ್ತಿದ್ದೀರಾ?"

"ಮುನಿರ್ಕಾದಲ್ಲಿ ಒಂದ್ಸಲ ಹತ್ತೋಕೆ ಹೋಗಿ ಬಿದ್ದಿದ್ದೀನಿ."

"ಯಾಕೆ ಬಿದ್ರಿ?"

"ಬಸ್ಸು ಜೋರಾಗಿತ್ತು."

"ಅಲ್ಲ ಸಾರ್, ನೀವು ನಿಧಾನವಾಗಿದ್ರಿ. ಮೊದ್ಲು ಅದರ ಜೊತೆ ನಾಲ್ಕು ಹೆಜ್ಜೆ ಓಡ್ಬೇಕು, ಆಮೇಲೆ ಕಾಲಿಡಬೇಕು. ಗೇರೂ ಹಾಗೇ. ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗ್ತಿರ್ತವೆ. ಹಾಗೇ ಸೇರಿಸಿದ್ರೆ ಹಲ್ಲು ಕಿತ್ಕೊಂಡು ಬರತ್ತೆ. ಕಾರಿನಲ್ಲಿ ನಡುವೆ ಒಂದು ಹಿತ್ತಾಳೆ ಉಂಗುರ ಇರತ್ತೆ. ಅದು ಉಜ್ಜಿ ಉಜ್ಜಿ ಎರಡನ್ನೂ ಸಮ ಮಾಡತ್ತೆ."

"ಇದಕ್ಕೂ ಆ ಉಂಗುರ ಹಾಕಬಹುದಿತ್ತಲ್ಲ?"

"ಕಾರಿನ ಗೇರು ಅಂಗೈಯಷ್ಟು. ಇದರದ್ದು ರೊಟ್ಟಿ ಹೆಂಚಿನಷ್ಟು. ಹದಿನಾರು ಟನ್ ಹೇರ್ಕೊಂಡು ಘಾಟಿ ಹತ್ತುವಾಗ ದಿನಕ್ಕೆ ಸಾವಿರ ಸಲ ಗೇರ್ ಬದಲಿಸ್ತೀವಿ. ಆಗಿನ ಉಂಗುರ ಆರು ತಿಂಗಳೂ ತಡ್ಕೊಳ್ತಿರ್ಲಿಲ್ಲ. ಸವೆದ್ರೆ ದಾರಿಲಿ ಯಾರು ಕೊಡ್ತಾರೆ? ಇದಾದ್ರೆ ಬರೀ ಗಟ್ಟಿ ಹಲ್ಲು. ಯಾವ ಊರಿನ ಮೇಸ್ತ್ರಿಯಾದ್ರೂ ಬಿಚ್ಚಿ ಕಟ್ತಾನೆ. ಅದಕ್ಕೇ ಕಂಪನಿಯೋರು ಉಂಗುರ ತೆಗೆದು, ಅದರ ಕೆಲಸ ಡ್ರೈವರ್ ಎಡಗಾಲಿಗೆ ಕೊಟ್ರು. ಒಂದ್ಸಲ ಒತ್ತಿ ಗೇರಿನಿಂದ ಬಿಡಿಸೋದು. ಬಿಟ್ಟು, ಇಂಜಿನ್ ವೇಗ ಸಮ ಮಾಡ್ಕೊಳ್ಳೋದು. ಇನ್ನೊಂದ್ಸಲ ಒತ್ತಿ ಸೇರಿಸೋದು. ಇಷ್ಟೇ ನನ್ನ ಅಪರಾಧ."

ಎಲ್ಲವನ್ನೂ ಬರೆದುಕೊಂಡೆ. ತಪ್ಪು ಬರೆದಿರಬಹುದೆಂದು ಇನ್ನೊಮ್ಮೆ ಕೇಳಿ, ಮತ್ತೆ ಬರೆದುಕೊಂಡೆ. ನಾನು ಇಳಿಯುವಾಗ ಅವರು ಸ್ಟೀರಿಂಗ್ ನೋಡುತ್ತಾ ಹೇಳಿದರು:

"ನಿವೃತ್ತಿಗೆ ಎರಡು ತಿಂಗಳಿದೆ ಸಾರ್. ಗೇಟಿನಲ್ಲಿ ರಿಜಿಸ್ಟರ್ ಬರೆಯೋಕೆ ಹಾಕಿದ್ರೂ ಹಾಕ್ಲಿ. ಸರ್ವಿಸ್ ಬುಕ್ಕಲ್ಲಿ ಮಾತ್ರ ಗಾಡಿ ಕೆಡಿಸಿದೋನು ಅಂತ ಬರೆಯೋಕೆ ಬಿಡ್ಬೇಡಿ."

ಸರ್ವಿಸ್ ಬುಕ್ಕಿನಲ್ಲಿ ಬರೆಯುವವನು ನಾನೇ. ಅದನ್ನು ಅವರಿಗೆ ಹೇಳುವ ಧೈರ್ಯವಾಗಲಿಲ್ಲ.

ಸ್ಕೇಲ್ ಇಟ್ಟು ಚಿತ್ರ ಬರೆದು ನಾಲ್ಕು ಪುಟದ ಟಿಪ್ಪಣಿ ಮಾಡಿದೆ. ತ್ಯಾಗಿ ಸಾಹೇಬರು ಚಿತ್ರವನ್ನು ಮೆಚ್ಚಿಕೊಂಡರು.

"ಬಹಳ ಚೆನ್ನಾಗಿದೆ. ಈ ಮಾಹಿತಿ ಕೊಟ್ಟವರು ಯಾರು?"

"ಚಂದ್ರಪ್ಪನವರು ಸರ್."

"ಅರೇ ಭಾಯಿ, ಅವನು ಆರೋಪಿ. ಅವನನ್ನೇ ಕೇಳಿ ಬರೆದರೆ ಅದು ಟಿಪ್ಪಣಿ ಹೇಗಾಗುತ್ತದೆ? ಬೇರೆ ಯಾರಿಗೂ ಗೊತ್ತಿಲ್ಲವೇ?"

"ಇಲ್ಲಿ ಆ ಗಾಡಿ ಓಡಿಸಲು ಬರುವುದು ಅವರೊಬ್ಬರಿಗೇ ಸರ್."

"ಹಾಗಾದರೆ ಕಾರಣ ಲಭ್ಯವಿಲ್ಲ ಅಂತ ಬರೆಯಿರಿ."

ಯಂತ್ರಗಳನ್ನು ಕೂರಿಸಿದ ಕಂಪನಿಯ ಹುಡುಗ ವರುಣ್ ಇದನ್ನೆಲ್ಲ ಕೇಳುತ್ತಾ ಕೂತಿದ್ದ. ದೆಹಲಿಯ ಆರ್.ಕೆ.ಪುರಂನಲ್ಲಿ ನಮ್ಮ ಪಕ್ಕದ ಬ್ಲಾಕಿನಲ್ಲಿ ಬೆಳೆದ ಕನ್ನಡದ ಹುಡುಗ. ಕೆಟ್ಟವನಲ್ಲ. ಹೊರಗೆ ಬಂದು ನನ್ನ ಪಕ್ಕ ನಿಂತ.

"ಅಂಕಲ್, ನಂಗೆ ಅರ್ಥ ಆಯ್ತು, ಸಚ್ಚೀ. ಆದ್ರೆ ಆ್ಯಪಲ್ಲಿ ಆ ಆಪ್ಷನ್ನೇ ಇಲ್ಲ. ದೇಖೋ."

ಫೋನಿನಲ್ಲಿ ಕಾರಣಗಳ ಪಟ್ಟಿ ತೋರಿಸಿದ. ಮೂರಿದ್ದವು: ಚಾಲಕನ ದುರಭ್ಯಾಸ, ಚಾಲಕನ ಅಜಾಗರೂಕತೆ, ಇತರೆ ಚಾಲಕ ದೋಷ.

"ಲಾರಿಯ ಸ್ವಭಾವ ಅಂತ ಒಂದು ಸೇರಿಸಪ್ಪ."

"ಅದಕ್ಕೆ ಹೊಸ ಟೆಂಡರ್ ಬೇಕು ಅಂಕಲ್. ರೀಟೆಸ್ಟ್ ಬೇಕಾದ್ರೆ ಹಾಕ್ತೀನಿ. ಕ್ಲಚ್ ಕೌಂಟ್ ಕಮ್ಮಿ ಬಂದ್ರೆ ಕೇಸ್ ತಾನಾಗೇ ಕ್ಲೋಸ್."

ನಾನು ಮತ್ತೆ ಅಂಗಳಕ್ಕೆ ಹೋದೆ. ಒಂದೇ ದಿನ, ಒಂದೇ ಸಲ ಒತ್ತಿ ಓಡಿಸಲಾಗುವುದಿಲ್ಲವೇ ಎಂದು ಕೇಳಿದೆ.

"ಒಂದ್ಸಲ ಒತ್ತಿದ್ರೂ, ಒಂದೂ ಒತ್ತದಿದ್ರೂ ಅಷ್ಟೇ ಸಾರ್. ಎಲ್ಲಾ ವೇಗ ಸಮ ಬರೋದ್ರಲ್ಲಿದೆ," ಎಂದರು.

"ಒಂದೂ ಒತ್ತದೇ ಆಗುತ್ತಾ?"

ಅವರು ಬಾಯಿತಪ್ಪಿ ಆಡಿದವರಂತೆ ಆಚೆ ನೋಡಿದರು. "ಆಗತ್ತೆ. ಇಂಜಿನ್ ಸದ್ದು ಕೇಳ್ಕೊಂಡು, ಎರಡೂ ಸಮ ಆದ ಗಳಿಗೆಲಿ ಗೇರು ತಾನಾಗೇ ಜಾರ್ಕೊಳ್ಳತ್ತೆ. ಕ್ಲಚ್ ಕೈಕೊಟ್ಟಾಗ ಊರು ಸೇರ್ಕೊಳ್ಳೋಕೆ ಮಾಡೋದು. ಗಳಿಗೆ ತಪ್ಪಿದ್ರೆ ಹಲ್ಲೆಲ್ಲಾ ಪುಡಿ. ಅದು ಯಾರಿಗೂ ತೋರಿಸೋ ವಿದ್ಯೆಯಲ್ಲ."

"ತೋರಿಸಿ ಚಂದ್ರಪ್ಪನವರೇ. ಒಂದೇ ಸಲ. ನಿಮ್ಮ ಸರ್ವಿಸ್ ಬುಕ್ಕಿಗೋಸ್ಕರ."

ಬಹಳ ಹೊತ್ತು ಒಪ್ಪಲಿಲ್ಲ. ಒಪ್ಪಿಸಿದ್ದು ನಾನು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮರುಪರೀಕ್ಷೆ. ಗೇರಿನಲ್ಲಿಟ್ಟೇ ಸ್ಟಾರ್ಟ್ ಮಾಡಿದ ಲಾರಿ ಅಂಗಳದಲ್ಲಿ ಮೂರು ಸುತ್ತು ಹಾಕಿತು. ಚಂದ್ರಪ್ಪನವರ ಎಡಗಾಲು ನೆಲದಿಂದ ಏಳಲಿಲ್ಲ. ಗೇರು ಒಂದು ಸಲವೂ ಗರಗರ ಎನ್ನಲಿಲ್ಲ. ವರುಣನ ಫೋನಿನಲ್ಲಿ ನೂರು ಎಂದು ಬಿದ್ದು, ಪರದೆಯ ತುಂಬ ಬಣ್ಣದ ಕಾಗದದ ಚೂರುಗಳು ಉದುರಿದವು.

"ನೋಡಿದಿರಾ!" ಎಂದರು ತ್ಯಾಗಿ ಸಾಹೇಬರು. "ಮೂವತ್ತೊಂದರಿಂದ ನೂರಕ್ಕೆ! ಬುದ್ಧಿ ಹೇಳಿದವರು ಯಾರು?"

ಎಲ್ಲರೂ ನನ್ನ ಕಡೆ ನೋಡಿದರು. ಚಹಾ ಬರುವ ಮೊದಲೇ ಸಚಿವಾಲಯಕ್ಕೆ ಮೇಲ್ ಹೋಯಿತು: ಆಪ್ತ ಸಮಾಲೋಚನೆಯಿಂದ ಹಿರಿಯ ಚಾಲಕನ ಕ್ಲಚ್ ದುರ್ಬಳಕೆ ಶೂನ್ಯಕ್ಕಿಳಿದಿದೆ. ಚಹಾ ಮುಗಿಯುವ ಹೊತ್ತಿಗೆ ಸುತ್ತೋಲೆಯೂ ಸಿದ್ಧವಾಯಿತು: ಇನ್ನು ಮುಂದೆ ತರಬೇತಿಯ ನಲವತ್ತು ಮಂದಿಯೂ ಹಳೆ ಲಾರಿಯನ್ನು ಕ್ಲಚ್ ಒತ್ತದೇ ಓಡಿಸತಕ್ಕದ್ದು. ಕೆಳಗೆ, ವಿಧಾನವನ್ನು ರೂಪಿಸಿದವರು ಚಂದ್ರಪ್ಪ, ಎಂದು ಸಹಿಗೆ ಜಾಗ.

ಚಂದ್ರಪ್ಪನವರನ್ನು ಕೋಣೆಗೆ ಕರೆಸಿದರು. ಅವರು ಕಾಗದವನ್ನು ಎರಡು ಸಲ ಓದಿ ಪೆನ್ನನ್ನು ಮೇಜಿನ ಮೇಲಿಟ್ಟರು.

"ಸಾಹೇಬರೇ, ಇವತ್ತು ನಾನು ಮಾಡಿದ್ದು ತಪ್ಪು. ನನ್ನ ಹೆಸರು ಉಳಿಸ್ಕೊಳ್ಳೋಕೆ ಗಾಡಿನ ಪಣಕ್ಕಿಟ್ಟೆ. ಈ ಹುಡುಗರು ಹೀಗೆ ಓಡಿಸಿದ್ರೆ ಒಂದು ವಾರಕ್ಕೆ ಗೇರ್‌ಬಾಕ್ಸ್ ಹೋಗತ್ತೆ. ಆಮೇಲೆ ಗಣಿಯ ಇಳಿಜಾರಲ್ಲಿ ಗೇರ್ ಸಿಗದೇ ಅವರೂ ಹೋಗ್ತಾರೆ. ನಾನು ಸಹಿ ಹಾಕಲ್ಲ. ಎರಡು ಸಲ ಒತ್ತಿದೆ ಅಂತಲೇ ಬರೆದುಬಿಡಿ."

ನನಗೆ ತಲೆಯೆತ್ತಿ ಅವರನ್ನು ನೋಡಲಾಗಲಿಲ್ಲ.

ತ್ಯಾಗಿ ಸಾಹೇಬರಿಗೆ ಕೋಪ ಬರಲಿಲ್ಲ. ಭಯ ಬಂತು. ನೂರು ಅಂಕದ ಚಾಲಕನ ಮೇಲೆ ಆರೋಪ ಹೊರಿಸುವುದು ಹೇಗೆ? ಸಚಿವಾಲಯಕ್ಕೆ ಹೋದ ಯಶಸ್ಸನ್ನು ವಾಪಸ್ ತರಿಸಿಕೊಳ್ಳುವುದು ಹೇಗೆ? ಸುತ್ತೋಲೆ ಹೊರಡಿಸಿದರೆ ಗೇರ್‌ಬಾಕ್ಸ್ ಹೋಗುತ್ತದೆ, ಬಿಟ್ಟರೆ ಮೇಲ್ ಸುಳ್ಳಾಗುತ್ತದೆ. ಸಾಹೇಬರು ಚಹಾದ ಖಾಲಿ ಲೋಟವನ್ನು ಎತ್ತಿ ಇನ್ನೊಮ್ಮೆ ಕುಡಿದರು.

"ಗೋಪಿನಾಥ್ ಜೀ, ಏನಾದರೂ ಬರೆಯಿರಿ."

ಬರೆದೆ. ಹೊಸ ವಿಧಾನ ಜಾರಿಯಲ್ಲಿರುತ್ತದೆ. ಆದರೆ ಸುರಕ್ಷತೆಯ ದೃಷ್ಟಿಯಿಂದ, ಸದರಿ ವಿಧಾನವನ್ನು ಅಭ್ಯಾಸ ಮಾಡುವಾಗ ವಾಹನ ನಿಂತಿರತಕ್ಕದ್ದು, ಇಂಜಿನ್ ಬಂದ್ ಆಗಿರತಕ್ಕದ್ದು. ರೂಪಿಸಿದವರ ಹೆಸರು ಅವಶ್ಯವಿರುವುದಿಲ್ಲ.

"ವಾಹ್," ಎಂದರು ಸಾಹೇಬರು. ವಾಕ್ಯ ಚೆನ್ನಾಗಿ ಬಂದಿದೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ಆ ದಿನ ಮೆಟ್ರೋದಲ್ಲಿ ಮನೆ ತಲುಪುವವರೆಗೂ ನಾಚಿಕೆಯಾಗುತ್ತಿತ್ತು.

ಆರೋಪ ಮುಕ್ತಾಯವಾಯಿತು. ಸರ್ವಿಸ್ ಬುಕ್ಕಿನಲ್ಲಿ ನನ್ನ ಕೈಯಾರೆ "ಯಾವುದೇ ಬಾಕಿ ವಿಚಾರಣೆ ಇರುವುದಿಲ್ಲ" ಎಂದು ಬರೆದು ಅವರಿಗೆ ತೋರಿಸಿದೆ.

"ಗಾಡಿ ಕೆಡಿಸಿದೋನು ಅಂತ ಇಲ್ಲ ತಾನೇ?"

"ಇಲ್ಲ."

"ಗಾಡಿ ಓಡಿಸ್ತಿದ್ದೋನು ಅಂತ ಇದೆಯಾ?"

ಪುಟ ತಿರುಗಿಸಿ ನೋಡಿದೆ. ಅಂಥ ಅಂಕಣ ಇರಲಿಲ್ಲ.

ಈಗ ದಿನವೂ ಹತ್ತು ಗಂಟೆಗೆ ನಿಂತ ಲಾರಿಯಲ್ಲಿ ಪಾಠ ನಡೆಯುತ್ತದೆ. ಹುಡುಗರು ಒಬ್ಬೊಬ್ಬರಾಗಿ ಹತ್ತಿ ಕೂರುತ್ತಾರೆ. ಇಂಜಿನ್ ಸದ್ದನ್ನು ಚಂದ್ರಪ್ಪನವರೇ ಬಾಯಲ್ಲಿ ಮಾಡುತ್ತಾರೆ, ವೇಗ ಏರುವುದನ್ನೂ ಇಳಿಯುವುದನ್ನೂ. ವರುಣನ ಯಂತ್ರ ದಿನವೂ ನೂರು ಕೊಡುತ್ತದೆ, ಪೆಡಲನ್ನು ಯಾರೂ ಮುಟ್ಟುವುದಿಲ್ಲವಲ್ಲ. ನಿನ್ನೆ ಹತ್ತಿರ ಹೋಗಿ ಬಾಗಿಲಿನಿಂದ ಬಗ್ಗಿ ನೋಡಿದೆ. ಹುಡುಗನ ಎಡಗಾಲು ಪೆಡಲಿನ ಪಕ್ಕದ ಬರಿ ತಗಡನ್ನು ಒತ್ತುತ್ತಿತ್ತು. ಒತ್ತಿ, ಬಿಟ್ಟು, ಚಂದ್ರಪ್ಪನವರ ಗಂಟಲು ಸಮಕ್ಕೆ ಬರುವವರೆಗೆ ಕಾದು, ಮತ್ತೆ ಒತ್ತಿತು.

"ಇನ್ನೊಂದ್ಸಲ," ಎಂದರು ಚಂದ್ರಪ್ಪ, "ಅವಸರ ಮಾಡ್ಬೇಡ."