ಕೊಳೆತ ಹಲಗೆ

ನನ್ನ ಗಂಡನನ್ನು ದೇವರನ್ನಾಗಿ ಮಾಡಬೇಕೆಂದು ಊರ ಹಿರಿಯ ಕುರಾಮೊಚಿ ನಮ್ಮ ಬಾಗಿಲಿಗೆ ಬಂದಾಗ ನಾನು ಉಪ್ಪಿನಲ್ಲಿಡಲು ಮೂಲಂಗಿ ಹೆಚ್ಚುತ್ತಿದ್ದೆ. ಅವನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

ನನ್ನ ಗಂಡ ಇಸಾಬುರೊ ಕೆರೆಯ ತೂಬು ಕಾಯುತ್ತಿದ್ದರು. ಹೋದ ವರ್ಷದ ಬಿರುಗಾಳಿಯಲ್ಲಿ ತೂಬಿನ ಹಲಗೆ ಮುರಿದು ಕೆಳಗಿನ ಗದ್ದೆಗಳು ಕೊಚ್ಚಿಹೋದವು. ಹಲಗೆ ಕೊಳೆತಿದೆ, ಬದಲಿಸಿ ಎಂದು ಅವರು ಮೊದಲೇ ಹೇಳಿದ್ದರು. ಅದು ಯಾರಿಗೂ ನೆನಪಾಗಲಿಲ್ಲ. ಅವರೇ ಬೇಕೆಂದು ತೂಬು ತೆರೆದರೆಂದು ಊರು ನಮ್ಮನ್ನು ಹೊರಗಿಟ್ಟಿತು. ಚಳಿಗಾಲದಲ್ಲಿ ಅವರು ಅದೇ ಕೆರೆಗೆ ಇಳಿದರು. ಹೆಣ ಹೊರಲು ಊರವರು ಬಂದರು, ಅದು ಕಟ್ಟಳೆ. ನಾನು ಬಡಿಸಿದ್ದನ್ನು ಯಾರೂ ಮುಟ್ಟಲಿಲ್ಲ.

ಈಗ ಕುರಾಮೊಚಿಯ ಕಣಜಕ್ಕೆ ಸಿಡಿಲು ಬಡಿದಿತ್ತು. ಮೊಮ್ಮಗಳ ಜ್ವರ ಇಳಿಯುತ್ತಿರಲಿಲ್ಲ.

"ಅವನಿಗೆ ಸಿಟ್ಟು ಬಂದಿದೆ ಕಣಮ್ಮ. ಕೆರೆ ಏರಿ ಮೇಲೆ ಗುಡಿ ಕಟ್ಟಿದೀವಿ. ಒಳಗಿಡೋಕೆ ಅವನ ಕೈಯಾಡಿದ್ದು ಏನಾದ್ರೂ ಕೊಡು."

"ಬದುಕಿದ್ದಾಗ ಸಿಟ್ಟೇ ಗೊತ್ತಿರ್ಲಿಲ್ಲ ಅವರಿಗೆ. ಸತ್ತ ಮೇಲೆ ನಿಮ್ಮನ್ನ ನೋಡಿ ಕಲಿತಿರಬೇಕು."

"ಏನು ಬೇಕು ಹೇಳು."

"ಹಲಗೆ ಕೊಳೆತಿತ್ತು ಅಂತ ಎಲ್ಲರೆದುರು ಹೇಳಿ. ಆಮೇಲೆ ಕೊಡ್ತೀನಿ."

"ದೇವರ ಮುಂದೆ ಹಲಗೆ ಮಾತು ಯಾಕೆ? ಪೂಜಾರಿ ಚೆನ್ನಾಗಿ ಹೊಗಳ್ತಾರೆ ಬಿಡು."

"ಹೊಗಳೋದು ಬೇಡ."

ಪೂಜೆಯ ದಿನ ಕೆರೆ ಏರಿಗೆ ಹೋದೆ. ಗುಡಿ ನನ್ನ ಸೊಂಟದೆತ್ತರವಿತ್ತು. ಹೊಸ ದೇವದಾರು ಹಲಗೆಗಳು, ಒಂದರಲ್ಲೂ ಗಂಟಿರಲಿಲ್ಲ. ಶಾಂತನಾಗು, ಊರನ್ನು ಕಾಪಾಡು ಎಂದು ಪೂಜಾರಿ ಓದಿದರು. ಓದು ಮುಗಿದಾಗ ಎಲ್ಲರೂ ನನ್ನ ಕೈ ನೋಡಿದರು. ಇಸಾಬುರೊ ತೂಬಿನ ಬೆಣೆ ಬಡಿಯುತ್ತಿದ್ದ ಮರದ ಕೊಡತಿ ಬಟ್ಟೆಯಲ್ಲಿ ಸುತ್ತಿದಂತೆಯೇ ನನ್ನ ಕೈಯಲ್ಲಿತ್ತು. ನಾನು ಅಲುಗಾಡಲಿಲ್ಲ.

ಕುರಾಮೊಚಿ ಹೆಂಡತಿಯ ಮಡಿಲಲ್ಲಿದ್ದ ಮೊಮ್ಮಗಳ ಕಡೆ ನೋಡಿದ. ಕೆಸರಿನಲ್ಲಿ ಮಂಡಿಯೂರಿದ.

"ಹಲಗೆ ಕೊಳೆತಿತ್ತು. ಇಸಾಬುರೊ ಬಂದು ಹೇಳಿದ್ದ. ಬದಲಿಸೋದು ‘ಈ ವರ್ಷ ಬೇಡ’ ಅಂದೋನು ನಾನೇ."

ಚಳಿಗಾಲದಿಂದ ಕಾಯುತ್ತಿದ್ದ ಮಾತು ಅದು. ಕೇಳಿದ ಮೇಲೆ ನನ್ನೊಳಗೆ ಏನಾದರೂ ಆಗಬಹುದೆಂದು ಸ್ವಲ್ಪ ಹೊತ್ತು ನಿಂತೆ. ಏನೂ ಆಗಲಿಲ್ಲ. ಕೊಡತಿಯನ್ನು ಪೂಜಾರಿಯ ಕೈಗೆ ಕೊಟ್ಟೆ. ಎಲ್ಲರೂ ಪೂಜೆಯ ಕ್ರಮದಂತೆ ಎರಡು ಸಲ ಚಪ್ಪಾಳೆ ತಟ್ಟಿ ಬಗ್ಗಿದರು. ನಾನೂ ಹಾಗೆಯೇ ಮಾಡಿದೆ.

ಆಮೇಲೆ ನೈವೇದ್ಯವನ್ನು ಹಂಚಿಕೊಂಡು ಅಲ್ಲೇ ಊಟಕ್ಕೆ ಕುಳಿತೆವು. ಕುರಾಮೊಚಿಯ ಹೆಂಡತಿ ನನ್ನನ್ನು ತನ್ನ ಪಕ್ಕಕ್ಕೆ ಕರೆದಳು. ನಾನು ತಂದಿದ್ದ ಮೂಲಂಗಿಯನ್ನು ಎಲ್ಲರೂ ಹಾಕಿಸಿಕೊಂಡರು, ಚೆನ್ನಾಗಿದೆ ಎಂದರು.

ಉಪ್ಪು ಕಡಿಮೆಯಾಗಿತ್ತು. ಇಸಾಬುರೊ ಇದ್ದಿದ್ದರೆ ಹೇಳುತ್ತಿದ್ದರು.