ಎರಡು ದೋಣಿಗಳು

"ಮೌಲಾಲಿ, ಹೆಬ್ಬಟ್ಟು ಒತ್ತಿದ್ರ ಸಾಕು. ಬಾಕಿದ್ದೆಲ್ಲಾ ನಾನ ಬರದೇನಿ," ಎಂದು ಶಾಂತಯ್ಯ ಕಾಗದವನ್ನು ಚಾಪೆಯ ಮೇಲೆ ಹರಡಿ, ಮಸಿಯ ಡಬ್ಬಿಯನ್ನು ತೆರೆದಿಟ್ಟ. ಹಡಗಿನ ಕಂಪನಿಯ ಗುಮಾಸ್ತನಾದ ಅವನು ಬೆಳಗಿನ ರೈಲಿಗೆ ಹುಬ್ಬಳ್ಳಿಗೆ ಬಂದಿಳಿದು, ಟಾಂಗಾ ಹಿಡಿದು ನೇರ ಗಬ್ಬೂರಿಗೆ ಬಂದಿದ್ದ.

ಮೌಲಾಲಿ ಆರು ವರ್ಷದಿಂದ ಆ ಕಂಪನಿಯ ಹಡಗಿನಲ್ಲಿ ಖಲಾಸಿ. ಹದಿನೈದು ದಿನಗಳ ಹಿಂದೆ ಕಾರವಾರದ ಹತ್ತಿರ ಹಡಗು ಬಂಡೆಗೆ ತಾಗಿ, ಒಳಗಿದ್ದ ಆಸಿಡ್ಡಿನ ಪೀಪಾಯಿಗಳು ಒಡೆದು ಅವನ ಎರಡೂ ಕೈ ಸುಟ್ಟಿದ್ದವು.

"ಏನ ಬರದೀರಿ, ಓದ್ರಿ."

"ಬಿರುಗಾಳಿಗೆ ಪೀಪಾಯಿ ಸಮುದ್ರಕ್ಕ ಬಿದ್ದುವು, ಹತ್ರ ಯಾರೂ ಇರಲಿಲ್ಲ ಅಂತ. ನಿನಗ ಹುಬ್ಬಳ್ಳಿ ಗೋದಾಮಿನ್ಯಾಗ ಕಾವಲು ಕೆಲಸ ಕೊಡ್ತಾರ. ಈ ಕೈಲೆ ಇನ್ನೇನ ಮಾಡಾಂವ ನೀ?"

ರೊಟ್ಟಿ ಬಡಿಯುತ್ತಿದ್ದ ಮೈಮುನಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಗಂಡ ಆ ದಿನದ ಮಾತನ್ನು ಅವಳೆದುರು ಒಮ್ಮೆಯೂ ಎತ್ತಿರಲಿಲ್ಲ.

"ಬಿರುಗಾಳಿ ಎಲ್ಲಿತ್ರಿ?" ಎಂದ ಮೌಲಾಲಿ. "ಹಡಗು ಹಗರಾಗಲಿ ಅಂತ ಕಪ್ತಾನನೇ ಪೀಪಾಯಿನೆಲ್ಲಾ ಸಮುದ್ರಕ್ಕ ಉಳ್ಳಿಸಿದ. ಸೋರಿ ಅರ್ಧ ಖಾಲಿ ಆದಂಥವು ತೇಲಕೋತ ಹೋದುವು. ಮೀನೆಲ್ಲಾ ಹೊಟ್ಟಿ ಮ್ಯಾಲ ಮಾಡಿ ಎದ್ದುವು. ಎಣ್ಣಿ ಪೀಪಾಯಿ ಅಂತ ತಿಳದು ಮೀನಗಾರರ ಎರಡು ದೋಣಿ ಬಂದುವು. ಮುಟ್ಟಬ್ಯಾಡ್ರಿ ಅಂತ ನಾ ಈ ಸುಟ್ಟ ಕೈ ಬೀಸಿದೆ. ಅವರೂ ಕೈ ಬೀಸಿದರು. ನಕ್ಕೋತ."

"ಅವರು ಯಾರೋ ಏನೋ. ನಿನ್ನ ಹೊಟ್ಟೀದು ನೋಡ್ಕೋ."

ಒಳಗೆ ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂತು. ಮೈಮುನಾ ಅಲುಗಲಿಲ್ಲ.

"ಆ ಪೀಪಾಯಿ ಇನ್ನೂ ನೀರಾಗ ಅದಾವೇನ್ರಿ?" ಎಂದು ಗಂಡನನ್ನು ಕೇಳಿದಳು.

"ಇರಬೇಕು. ಎಲ್ಲೋ ದಂಡಿಗೆ ಬಂದಿದ್ದರೂ ಬಂದಿರಬೇಕು."

ಅವಳು ಬಗ್ಗಿ ಮಸಿಯ ಡಬ್ಬಿಯನ್ನು ಮುಚ್ಚಿ ಶಾಂತಯ್ಯನ ಮುಂದೆ ಸರಿಸಿದಳು. "ಚಾ ಕುಡದು ಹೋಗ್ರಿ ಅಣ್ಣಾರ. ಇವರು ಒತ್ತಂಗಿಲ್ಲ."

ಮಧ್ಯಾಹ್ನ ಗಂಡಹೆಂಡಿರಿಬ್ಬರೂ ಹುಬ್ಬಳ್ಳಿಯ ಅಂಚೆ ಕಚೇರಿಗೆ ನಡೆದರು. ಕಟ್ಟೆಯ ಮೇಲೆ ಕೂತು ಮಂದಿಗೆ ಕಾಗದ ಬರೆದುಕೊಡುವ ಗೋವಿಂದಪ್ಪ, ಮೌಲಾಲಿ ಹೇಳಿದ್ದನ್ನೆಲ್ಲ ಬರೆದ: ಪೀಪಾಯಿ ಸಿಕ್ಕರೆ ಮುಟ್ಟಬೇಡಿರಿ, ಮಕ್ಕಳನ್ನು ದೂರ ಇಡಿರಿ, ಇದು ಬಿರುಗಾಳಿಯ ಕೆಲಸವಲ್ಲ, ನಾನು ಕಂಡವನು, ಎಲ್ಲಿ ಕರೆದರೂ ಬಂದು ಹೇಳುತ್ತೇನೆ.

"ವಿಳಾಸ?"

"ಕಾರವಾರ. ಮೀನಗಾರರ ಕೇರಿ."

"ಅಷ್ಟ ಬರದ್ರ ಯಾರಿಗೆ ಮುಟ್ಟಬೇಕಪಾ? ಹೆಸರ ಹೇಳು."

ಮೌಲಾಲಿ ಕಣ್ಣು ಮುಚ್ಚಿ ನಿಂತ.

"ಹೆಸರ ಗೊತ್ತಿಲ್ರಿ. ಒಂದು ದೋಣಿ ಹಾಯಿಗೆ ಹಸರ ತ್ಯಾಪಿ ಹಚ್ಚಿದ್ರು."

ಗೋವಿಂದಪ್ಪ ಅವನ ಮುಖವನ್ನೇ ನೋಡಿದ. ಆಮೇಲೆ ಲೆಕ್ಕಣಿಕೆಯನ್ನು ಮಸಿಯಲ್ಲಿ ಅದ್ದಿ, ಲಕೋಟೆಯ ಮೇಲೆ ದುಂಡಗೆ ಆ ಹಸಿರು ತೇಪೆಯ ದೋಣಿಯನ್ನೇ ವಿಳಾಸವಾಗಿ ಬರೆಯತೊಡಗಿದ.